ಅಪ್ಪ ಕಲಿಸಿದ ಸುಲ್ತಾನನ ಪಾಠ

ಅಥಣಿಯಲ್ಲಿ ನಮ್ಮ ಅಪ್ಪನ ಕೈಯಲ್ಲಿ ಓದಿದ ಯಾರನ್ನಾದರೂ ನಿಲ್ಲಿಸಿ ಬಹಮನಿ ರಾಜ್ಯ ಯಾಕೆ ಒಡೆದುಹೋಯಿತು ಎಂದು ಕೇಳಿದರೆ ಅವರು ತಡವರಿಸುವುದಿಲ್ಲ. ಹೊಲದ ಬದುವಿನ ಮೇಲೆ ನಿಂತವರಿರಲಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದವರಿರಲಿ, ಅಪ್ಪನ ದನಿಯನ್ನೇ ತಂದುಕೊಂಡು ಹೇಳುತ್ತಾರೆ. ಅಷ್ಟು ಚೆನ್ನಾಗಿ ಹೇಳುತ್ತಿದ್ದರು ಅಪ್ಪ ಆ ಪಾಠವನ್ನು. ಇದೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಅಪ್ಪನ ಪರವಾಗಿ ಒಪ್ಪಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

ಒಂಬತ್ತನೆಯ ವರ್ಗದಲ್ಲಿ ದೀಪಾವಳಿ ರಜೆ ಮುಗಿದ ಮೇಲೆ ಆ ಪಾಠ ಬರುತ್ತಿತ್ತು. ಅಂದು ಪಕ್ಕದ ವರ್ಗದವರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಅಪ್ಪ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಸಾಗವಾನಿಯ ಕೋಲಿನಿಂದ ಬೀದರವನ್ನು ತೋರಿಸಿ ಶುರು ಮಾಡುತ್ತಿದ್ದರು. ಬೀದರದ ಸುಲ್ತಾನನಿಗೆ ಒಬ್ಬ ಹಳೆಯ ಮಂತ್ರಿ. ಪರದೇಶದಿಂದ ವ್ಯಾಪಾರಕ್ಕೆ ಬಂದು ಇಲ್ಲಿಯೇ ನಿಂತವನು. ಒಬ್ಬರಾದ ಮೇಲೊಬ್ಬರಂತೆ ಸುಲ್ತಾನರಿಗೆ ದುಡಿದವನು. ಗೋವೆ ಗೆದ್ದುಕೊಟ್ಟವನು, ನಮ್ಮ ಬೆಳಗಾವಿಯ ಕೋಟೆ ಗೆದ್ದುಕೊಟ್ಟವನು, ಬೀದರದಲ್ಲಿ ದೊಡ್ಡ ವಿದ್ಯಾಶಾಲೆ ಕಟ್ಟಿಸಿದವನು, ತಾನು ಮಾತ್ರ ಚಾಪೆಯ ಮೇಲೆ ಮಲಗಿ ಮಣ್ಣಿನ ಗಡಿಗೆಯಲ್ಲಿ ಬೇಯಿಸಿಕೊಂಡು ತಿಂದವನು. ಅವನನ್ನು ಕಂಡರಾಗದ ಕೆಲವರು ಅವನ ಮೊಹರು ಕಾಯುವವನನ್ನು ಬುಟ್ಟಿಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ, ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಮಂತ್ರಿಯೇ ಬರೆದ ಹಾಗೆ ಪತ್ರ ಬರೆದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮುದುಕನನ್ನು ಕರೆಸಿ ಪತ್ರ ತೋರಿಸಿದ. ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದ ಮಂತ್ರಿ. ಸುಲ್ತಾನ ಇನ್ನೊಂದು ಮಾತು ಕೇಳಲಿಲ್ಲ. ಎಪ್ಪತ್ತು ದಾಟಿದ ಆ ತಲೆ ಅಲ್ಲೇ ಬಿತ್ತು.

ಅಪ್ಪ ಇಲ್ಲಿ ಕೋಲು ಕೆಳಗಿಳಿಸುತ್ತಿದ್ದರು. ಆಮೇಲೆ ಬರುತ್ತಿತ್ತು ಅವರ ಪಾಠದ ನಿಜವಾದ ಜಾಗ. ಸುಲ್ತಾನನನ್ನು ಯಾರೂ ಬಯ್ಯಲಿಲ್ಲ, ಯಾರೂ ದಂಗೆ ಏಳಲಿಲ್ಲ. ಪ್ರಾಂತಗಳ ಸರದಾರರು ತಮ್ಮ ತಮ್ಮ ಡೇರೆ ಕಿತ್ತು ಸುಲ್ತಾನನ ಡೇರೆಯಿಂದ ದೂರ ಹಾಕಿಕೊಂಡರು, ಅಷ್ಟೇ. ಸಲಾಮಿಗೆ ಬರುವಾಗ ತಮ್ಮ ದಂಡು ಕಟ್ಟಿಕೊಂಡು ಬಂದರು, ದೂರದಿಂದಲೇ ಬಾಗಿ ಹೋದರು. ವರ್ಷ ತುಂಬುವುದರೊಳಗೆ ಸುಲ್ತಾನ ಸತ್ತ. ಅವನ ಹಿಂದೆಯೇ ರಾಜ್ಯ ಐದು ಹೋಳಾಯಿತು, ಅದರಲ್ಲಿ ಒಂದು ನಮ್ಮ ಪಕ್ಕದ ಬಿಜಾಪುರ. “ಒಂದ ಮಾತ ಕೇಳಿದ್ದರ ರಾಜ್ಯ ಉಳೀತಿತ್ತು,” ಎಂದು ಅಪ್ಪ ನಕಾಶೆಯ ಮೇಲೆ ಕೋಲು ಕುಟ್ಟುತ್ತಿದ್ದರು. ಗಂಟೆ ಬಾರಿಸಬೇಕಾದ ಸಿಪಾಯಿ ಕೂಡ ಬಾಗಿಲಲ್ಲಿ ನಿಂತು ಮರೆತಿರುತ್ತಿದ್ದ.

ಆ ಕೋಲು ಸಂಜೆ ಮನೆಗೂ ಬರುತ್ತಿತ್ತು.

ನಮ್ಮದು ಅಪ್ಪ, ಅವ್ವ, ಅಣ್ಣ, ನಾನು, ನಾಲ್ಕೇ ಜನರ ಮನೆ. ಅಪ್ಪ ಕುಡಿಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ, ಒಬ್ಬರಿಂದ ಒಂದು ಕಪ್ಪು ಚಹಾ ಸುಮ್ಮನೆ ಕುಡಿದವರಲ್ಲ. ಊರಿಗೆಲ್ಲ ಅದು ದೊಡ್ಡದಾಗಿ ಕಾಣುತ್ತಿತ್ತು. ಆದರೆ ಅವರ ಸೈಕಲ್ಲಿನ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಅವ್ವ ರೇಡಿಯೊ ಆರಿಸುತ್ತಿದ್ದಳು, ಅಣ್ಣ ನಗುವುದನ್ನು ನಿಲ್ಲಿಸುತ್ತಿದ್ದ, ನಾನು ಕೈಗೆ ಸಿಕ್ಕ ಪುಸ್ತಕ ತೆರೆಯುತ್ತಿದ್ದೆ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ತಾಟು ಗೋಡೆಗೆ ಹೋಗುತ್ತಿತ್ತು. ಅಣ್ಣನ ಅಕ್ಷರ ಡೊಂಕಾದರೆ ಬೆರಳ ಗೆಣ್ಣಿನ ಮೇಲೆ ಕೋಲು. ಹಾಗೆ ಹೊಡೆಸಿಕೊಂಡು ಹೊಡೆಸಿಕೊಂಡೇ ಅಣ್ಣನ ಅಕ್ಷರ ಅಚ್ಚು ಹಾಕಿದಂತೆ ಮುದ್ದಾಯಿತು. ಕನ್ನಡವಾಗಲಿ ಮರಾಠಿಯಾಗಲಿ, ಅವನು ಬರೆದ ಹಾಳೆ ನೋಡಿದವರು ಇದು ಮಾಸ್ತರರ ಮಗನದು ಎಂದು ಗುರುತು ಹಿಡಿಯುತ್ತಿದ್ದರು.

ನೆರೆಯವರಿಗೆ ಎಲ್ಲ ಗೊತ್ತಿತ್ತು. ಗೋಡೆಯಾಚೆ ಕೇಳುತ್ತಿತ್ತಲ್ಲ. ಮರುದಿನ ಅವ್ವನ ಮುಖ ನೋಡಿದರೆ, “ಮಾಸ್ತರ ಶಿಸ್ತ ಅಂದ್ರ ಶಿಸ್ತ ನೋಡ್ರಿ,” ಅನ್ನುತ್ತಿದ್ದರು. ಹೊಡೆತಕ್ಕೆ ನಮ್ಮ ಜನ ಇಟ್ಟ ಹೆಸರು ಅದು. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಣ್ಣ ಪಿಯುಸಿ ಮೊದಲ ವರ್ಷದಲ್ಲಿದ್ದ. ನಾನು ಆಗ ಒಂಬತ್ತನೆಯ ವರ್ಗ. ಅಣ್ಣನಿಗೆ ಒಬ್ಬ ಗೆಳೆಯನಿದ್ದ, ಕಾಗವಾಡ ಕಡೆಯ ಒಂದು ಹಳ್ಳಿಯ ದ್ರಾಕ್ಷಿ ತೋಟದವರ ಮಗ. ಅವನೂ ಹೈಸ್ಕೂಲಿನಲ್ಲಿ ಅಪ್ಪನ ಶಿಷ್ಯನೇ. ಮೀರಜ ಕಡೆಯ ಊರಿನಲ್ಲಿ ಅವನಿಗೆ ಸೋದರಮಾವನ ಮಗಳೊಬ್ಬಳಿದ್ದಳು. ಹಿರಿಯರು ಎಂದೋ ಮಾತಾಡಿ ಇಟ್ಟ ಸಂಬಂಧ. ಅವಳಿಗೆ ಒಂದು ಪತ್ರ ಬರೆಯಬೇಕು ಎಂದು ಅವನಿಗೆ ಆಸೆ. ಆದರೆ ಅವನ ಅಕ್ಷರ ಕೋಳಿ ಕೆದರಿದಂತೆ. ಅದಕ್ಕೆ ಅವನು ಹೇಳುತ್ತ ಹೋದ, ಅಣ್ಣ ಮರಾಠಿಯಲ್ಲಿ ಬರೆದುಕೊಟ್ಟ. ಮೇಲೆ ಅವಳ ಹೆಸರಿಲ್ಲ, ಕೆಳಗೆ ಇವನ ಹೆಸರೂ ಇಲ್ಲ. ಯಾರ ಕೈಗಾದರೂ ಸಿಕ್ಕರೆ ಎಂಬ ಹೆದರಿಕೆ. ಶನಿವಾರ ಅಣ್ಣ ಅದನ್ನು ನನಗೆ ತೋರಿಸಿ ನಕ್ಕಿದ್ದ. ನಿನ್ನ ಜಡೆ ನೆನಪಾಗುತ್ತದೆ ಎಂಬಂಥ ಮಾತು, ಊಟ ಮಾಡಿದೆಯಾ ಎಂಬಂಥ ಮಾತು. ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು.

ಭಾನುವಾರ ಮಧ್ಯಾಹ್ನ ಅಪ್ಪ ಅಣ್ಣನ ರಸಾಯನಶಾಸ್ತ್ರದ ಪುಸ್ತಕ ತೆರೆದರು. ಪತ್ರ ಅದರಲ್ಲೇ ಇತ್ತು.

ನಾನು ಜೋಳ ಹಸನು ಮಾಡುತ್ತ ಪಡಸಾಲೆಯಲ್ಲೇ ಕೂತಿದ್ದೆ. ಅಪ್ಪ ಪತ್ರ ಪೂರ್ತಿ ಓದಿದರು. ಅಣ್ಣನನ್ನು ಕರೆದು ಅವನ ಮುಖದ ಮುಂದೆ ಹಿಡಿದರು.

“ಅಪ್ಪಾ, ಅದು ನಂದಲ್ರಿ,” ಎಂದ ಅಣ್ಣ.

“ಅಕ್ಷರ ನಿಂದ ಐತೋ ಇಲ್ಲೋ?”

“ಅಕ್ಷರ ನಂದ ಐತ್ರಿ. ಆದ್ರ...”

“ಮುಗೀತು.”

ಆಮೇಲೆ ಅಣ್ಣನಿಗೆ ಮಾತಾಡಲು ಬಿಡಲೇ ಇಲ್ಲ. ಕೋಲು ಎದ್ದಿತು. ಅವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು, ಹೊಸ್ತಿಲು ದಾಟಲಿಲ್ಲ. ಅಣ್ಣ ಗೆಳೆಯನ ಹೆಸರು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮರುದಿನವೇ ಅವನನ್ನು ಕಾಲೇಜಿನಿಂದ ಹೊರಗೆ ಹಾಕಿಸುತ್ತಿದ್ದರು, ಅದು ಅಣ್ಣನಿಗೆ ಗೊತ್ತಿತ್ತು. ಹೊಡೆತದ ನಡುವೆ ಅವನು ಒಂದೇ ಒಂದು ಸಲ ನನ್ನ ಕಡೆ ನೋಡಿದ. ನೀನಾದರೂ ಹೇಳು ಎಂಬ ನೋಟ ಅದು. ನಾನು ಮೊರದಲ್ಲಿನ ಜೋಳದೊಳಗಿನ ಹರಳು ಹುಡುಕುತ್ತ ತಲೆ ತಗ್ಗಿಸಿದೆ. ಹೆದರಿದ್ದೆ ಎನ್ನುವುದು ನಿಜ, ಆದರೆ ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಅಪ್ಪ ಅವನ ಪುಸ್ತಕಗಳನ್ನು ಅಂಗಳಕ್ಕೆ ಎಸೆದರು, ಹಾಸಿಗೆ ಎಸೆದರು. ಈ ಮನೆಯ ಹೊಸ್ತಿಲು ಮತ್ತೆ ತುಳಿಯಬೇಡ ಅಂದರು. ಅಣ್ಣ ಅಂಗಳದಲ್ಲಿ ಬಿದ್ದಿದ್ದ ಒಂದು ಅಂಗಿ ಎತ್ತಿಕೊಂಡ, ಪುಸ್ತಕ ಮುಟ್ಟಲಿಲ್ಲ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಓಣಿಯ ಜನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಹದಿನೇಳು ವರ್ಷದ ಹುಡುಗ ತುಟಿಯಿಂದ ರಕ್ತ ಒರೆಸಿಕೊಳ್ಳುತ್ತ ಹೋಗುವುದನ್ನು ನೋಡಿ ಅವರಲ್ಲಿ ಒಬ್ಬರೂ ಎದ್ದು ಬರಲಿಲ್ಲ.

ನಿಪ್ಪಾಣಿಯಲ್ಲಿ ಅವ್ವನ ಕಡೆಯ ದೂರದ ಸಂಬಂಧಿಕರೊಬ್ಬರು ತಂಬಾಕು ದಾಸ್ತಾನಿಡುವ ವಖಾರಿಯಲ್ಲಿ ಕೆಲಸಕ್ಕಿದ್ದರು. ಅಣ್ಣ ಅಲ್ಲಿಗೆ ಹೋದನೆಂದು ಎಂಟು ದಿನಗಳ ಮೇಲೆ ತಿಳಿಯಿತು. ವಿಜ್ಞಾನ ಓದುತ್ತಿದ್ದವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಬಾಕಿನ ಚೀಲ ಹೊರಲು ನಿಂತ.

ಇದು ಗಣಪತಿ ಹಬ್ಬದ ಹಿಂದೆಮುಂದೆ ನಡೆದದ್ದು. ದೀಪಾವಳಿ ಮುಗಿಯಿತು. ಶಾಲೆ ಶುರುವಾಯಿತು. ಒಂದು ದಿನ ಅಪ್ಪ ನಮ್ಮ ವರ್ಗಕ್ಕೆ ನಕಾಶೆ ತಂದು ತೂಗುಹಾಕಿದರು.

ನಾನು ಎರಡನೆಯ ಬೆಂಚಿನಲ್ಲಿದ್ದೆ. ಕಿಟಕಿ ತುಂಬ ಬೇರೆ ವರ್ಗದವರ ತಲೆಗಳು. ಅಪ್ಪ ಹೇಳುತ್ತ ಹೋದರು, ಎಂದಿನ ಹಾಗೆ ಸೊಗಸಾಗಿ. ಮುದುಕ ಮಂತ್ರಿ ಬಂದ, ಖಾಲಿ ಕಾಗದ ಬಂತು, ಮೊಹರು ಬಂತು. ಮೊಹರು ನನ್ನದೇ, ಪತ್ರ ನನ್ನದಲ್ಲ ಎನ್ನುವಾಗ ಅಪ್ಪನ ದನಿ ನಿಜವಾಗಿ ಗದ್ಗದವಾಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಕಡೆ ತಡವರಿಸುತ್ತಾರೆ, ಏನಾದರೂ ನೆನಪಾಗುತ್ತದೆ ಎಂದು ಕಾದೆ. ಆ ಕಣ್ಣಿನಲ್ಲಿ ನೀರು ಇತ್ತು, ಆದರೆ ಅದು ಐದುನೂರು ವರ್ಷಗಳ ಹಿಂದೆ ಸತ್ತವನಿಗಾಗಿ ಬಂದ ನೀರು. ಎರಡು ತಿಂಗಳ ಹಿಂದೆ ಮನೆ ಬಿಟ್ಟುಹೋದವನಿಗಾಗಿ ಒಂದು ಹನಿಯೂ ಇರಲಿಲ್ಲ.

ಪಾಠ ಮುಗಿದ ಮೇಲೆ ಪ್ರಶ್ನೆ ಕೇಳುವುದು ಅವರ ರೂಢಿ. ದರಬಾರಿನಲ್ಲಿದ್ದವರು ಏನು ಮಾಡಬೇಕಿತ್ತು ಎಂದು ಕೇಳಿ, ಎಲ್ಲರನ್ನೂ ಬಿಟ್ಟು ನನ್ನನ್ನೇ ಎಬ್ಬಿಸಿದರು. ನಾನು ಎದ್ದು ನಿಂತೆ. ಅಣ್ಣನ ಮಾತು ನಾಲಿಗೆಯ ತುದಿಯವರೆಗೆ ಬಂತು. ಆಮೇಲೆ, ಸತ್ಯ ಹೇಳಬೇಕಿತ್ತರಿ ಸರ್ ಎಂದೆ. ಭೇಷ್ ಅಂದರು. ಕೂತುಕೊಂಡೆ. ಆ ಭೇಷ್ ಎಂಬ ಮಾತು ಕೆನ್ನೆಗೆ ಹೊಡೆದ ಹಾಗಾಯಿತು, ಮತ್ತು ಆ ಏಟು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಅಣ್ಣನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಅಪ್ಪ ಹುಕುಂ ಮಾಡಿದ್ದರು. ಯಾರೂ ಎತ್ತಲಿಲ್ಲ. ಆದರೆ ಆ ದಿನದಿಂದ ಮನೆ ಅವರ ಬೆನ್ನ ಹಿಂದೆ ನಡೆಯತೊಡಗಿತು. ಅವ್ವ ಚಿಕ್ಕೋಡಿಯ ತವರಿಗೆ ಹೋಗುತ್ತೇನೆಂದು ಹೇಳಿ ಅಲ್ಲಿ ಇಳಿದು ನಿಪ್ಪಾಣಿಯ ಬಸ್ಸು ಹತ್ತುತ್ತಿದ್ದಳು. ಬಾಳಕದ ಮೆಣಸಿನಕಾಯಿ, ಶೇಂಗಾ ಹೋಳಿಗೆ ಎಲ್ಲ ಚೀಲದಲ್ಲಿ ಬಟ್ಟೆಯ ಕೆಳಗೆ. ಮಾವಂದಿರಿಗೆ ಅದು ಗೊತ್ತು, ಅವರು ಬಾಯಿ ಬಿಡುತ್ತಿರಲಿಲ್ಲ. ಅಣ್ಣನ ಪತ್ರಗಳು ನನ್ನ ಗೆಳತಿಯ ಮನೆಯ ವಿಳಾಸಕ್ಕೆ ಬರುತ್ತಿದ್ದವು, ಅಂಚೆಯವನಿಗೂ ಅದು ತಿಳಿದಿತ್ತು. ಅಣ್ಣ ವಖಾರಿ ಬಿಟ್ಟು ಮೋಟಾರು ವೈಂಡಿಂಗ್ ಕಲಿತ, ಸಣ್ಣ ಅಂಗಡಿ ಇಟ್ಟ, ಅಲ್ಲಿಯ ಮರಾಠಿ ಮಾತಾಡುವ ಮನೆಯ ಹುಡುಗಿಯನ್ನು ಮದುವೆಯಾದ. ಆ ಮದುವೆಗೆ ಅವ್ವ ಹೋದದ್ದು ತವರಿನಲ್ಲಿ ಸತ್ಯನಾರಾಯಣ ಪೂಜೆ ಎಂಬ ನೆಪದ ಮೇಲೆ. ಮಗ ಹಸೆಯ ಮೇಲೆ ಕೂತಿದ್ದಾಗ ಅವಳು ಅಳುವುದಕ್ಕೂ ಹೆದರಿದಳಂತೆ, ಊದಿದ ಕಣ್ಣು ಹೊತ್ತು ಮನೆಗೆ ಹೋದರೆ ಗಂಡ ಏನು ಕೇಳುತ್ತಾನೋ ಎಂದು.

ನಾನೂ ಕಲಿತೆ. ಮಾರ್ಕ್ಸ್ ಕಡಿಮೆ ಬಂದದ್ದು, ಸೈಕಲ್ಲಿನಿಂದ ಬಿದ್ದು ಕೈ ಬಾತದ್ದು, ನನ್ನನ್ನು ನೋಡಲು ಬಂದ ವರ ಇಷ್ಟವಿಲ್ಲದ್ದು, ಯಾವುದನ್ನೂ ಅಪ್ಪನಿಗೆ ಹೇಳಲಿಲ್ಲ. ಹೇಳಬೇಕಾದ್ದನ್ನು ಅವ್ವನಿಗೆ ಹೇಳುವುದು, ಅವ್ವ ಅದನ್ನು ತಿರುವಿ ಅಪ್ಪನಿಗೆ ಒಪ್ಪುವ ಸುಳ್ಳು ಮಾಡಿ ಹೇಳುವುದು. ಅಪ್ಪ ಕುರ್ಚಿಯಲ್ಲಿ ಕೂತು ಹೂಂ ಎನ್ನುತ್ತಿದ್ದರು, ಮನೆ ತನ್ನ ಮಾತಿನ ಮೇಲೆ ನಡೆಯುತ್ತಿದೆ ಎಂದುಕೊಂಡು. ಅವರಿಗೆ ಮೊಮ್ಮಕ್ಕಳಿದ್ದರು, ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರೋ ಏನೋ, ಇವತ್ತಿಗೂ ಹೇಳಲಾರೆ.

ಮುಂದೆ ನಾನೂ ಇತಿಹಾಸದ ಶಿಕ್ಷಕಿಯಾದೆ. ರಾಯಬಾಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲು, ಬಸ್ಸು ತಪ್ಪಿದರೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕೂತು ಹೋಗಿ ಪಾಠ ಮಾಡಿದ್ದೂ ಉಂಟು. ಬಹಮನಿ ರಾಜ್ಯದ ಪತನಕ್ಕೆ ಪರೀಕ್ಷೆಯಲ್ಲಿ ಬರೆಯುವ ಕಾರಣಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ: ಸತತ ಯುದ್ಧ, ದುರ್ಬಲ ವಾರಸುದಾರರು, ಪರದೇಶದಿಂದ ಬಂದವರಿಗೂ ಇಲ್ಲಿಯವರಿಗೂ ಜಗಳ. ಎಲ್ಲ ಖರೆಯೇ. ಆದರೆ ಒಬ್ಬ ಜುಲುಮಿನ ದೊರೆ ರಾಜ್ಯವನ್ನು ಹೇಗೆ ಹಾಳು ಮಾಡುತ್ತಾನೆಂದು ನಾನು ಕಲಿತದ್ದು ಪುಸ್ತಕದಿಂದಲ್ಲ. ಅವನು ಕೊಂದದ್ದು ಒಬ್ಬ ಮಂತ್ರಿಯನ್ನು ಎಂದು ಬರೆದಿರುತ್ತದೆ. ಅವತ್ತು ದರಬಾರಿನಲ್ಲಿ ನಿಂತವರೆಲ್ಲರ ಬಾಯಿಯನ್ನೂ ಅವನು ಹೊಲಿದದ್ದನ್ನು ಬರೆದಿರುವುದಿಲ್ಲ. ಆಮೇಲೆ ಯಾವ ಸರದಾರನೂ ಅವನಿಗೆ ಬರ ಬಂದಿದೆ ಎನ್ನಲಿಲ್ಲ, ದಂಡು ಸೊರಗಿದೆ ಎನ್ನಲಿಲ್ಲ. ಎಲ್ಲರೂ ಸಲಾಮು ಹೊಡೆದರು, ಹೊರಟುಹೋದರು.

ಹೋದ ವರ್ಷ ಅಪ್ಪನ ಹಳೆಯ ವಿದ್ಯಾರ್ಥಿಗಳು ಅಥಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಗುರುವಂದನೆ ಇಟ್ಟುಕೊಂಡರು. ಅಪ್ಪನಿಗೆ ಎಂಬತ್ತು ದಾಟಿದೆ, ನೆಟ್ಟಗೆ ನಡೆಯುತ್ತಾರೆ. ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವನು ಕಾಗವಾಡ ಕಡೆಯ ದೊಡ್ಡ ದ್ರಾಕ್ಷಿ ಬೆಳೆಗಾರ. ಹೌದು, ಅಣ್ಣನ ಅದೇ ಗೆಳೆಯ. ಸೋದರಮಾವನ ಮಗಳನ್ನೇ ಮದುವೆಯಾಗಿದ್ದ. ಆಕೆ ಹಸಿರು ರೇಷ್ಮೆ ಸೀರೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ನೋಡಿದರೆ ತಂಪಾದ ಹೆಣ್ಣುಮಗಳು. ಆ ಪತ್ರ ಅವಳ ಕೈ ಸೇರಲೇ ಇಲ್ಲ.

ಅಪ್ಪನ ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಒಬ್ಬೊಬ್ಬರೇ ಬಂದು ಸರ್ ಹೊಡೆತದಿಂದಲೇ ನಾವು ಮನುಷ್ಯರಾದೆವು ಎಂದರು, ಸಭೆ ಚಪ್ಪಾಳೆ ತಟ್ಟಿತು. ಕಡೆಗೆ ಆ ಬೆಳೆಗಾರ ಮೈಕ್ ಹಿಡಿದು, ಗುರುಗಳ ಒಂದು ಪಾಠ ನನಗೆ ಇನ್ನೂ ಬಾಯಿಪಾಠ ಐತಿ ಎಂದು ಶುರು ಮಾಡಿದ. ಅಪ್ಪನ ಏರಿಳಿತವನ್ನೆಲ್ಲ ತಂದ. ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದು ಕೈಯೆತ್ತಿ ಹೇಳಿದ. ಅವನ ರೆಪ್ಪೆ ಸಹ ಅಲುಗಲಿಲ್ಲ. ಅಪ್ಪ ಹೆಮ್ಮೆಯಿಂದ ತಲೆದೂಗುತ್ತಿದ್ದರು.

ಮಗಳೂ ಇತಿಹಾಸದ ಶಿಕ್ಷಕಿ, ಎರಡು ಮಾತಾಡಲಿ ಎಂದು ನಿರೂಪಣೆ ಮಾಡುತ್ತಿದ್ದವರು ನನ್ನನ್ನು ಕರೆದರು. ಅಪ್ಪನ ಆರೋಗ್ಯದ ಬಗ್ಗೆ, ವಂದನೆಯ ಬಗ್ಗೆ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಆ ಚೀಟಿ ತೆರೆಯಲಾಗಲಿಲ್ಲ. ಈ ಪಾಠವನ್ನು ನಾನೂ ಅಪ್ಪನ ವರ್ಗದಲ್ಲಿ ಕೂತು ಕೇಳಿದ್ದೇನೆ ಎಂದೆ. ಅದಕ್ಕೆ ಎರಡು ತಿಂಗಳ ಮೊದಲು ನಮ್ಮ ಮನೆಯಲ್ಲೂ ಒಂದು ಪತ್ರ ಸಿಕ್ಕಿತ್ತು, ಅಕ್ಷರ ನನ್ನ ಅಣ್ಣನದಾಗಿತ್ತು, ಪತ್ರ ಅವನದಾಗಿರಲಿಲ್ಲ, ಅವನು ಅದನ್ನು ಹೇಳಹೋದಾಗ ಹೊಡೆದು ಹೊರಗೆ ಹಾಕಿದರು ಎಂದೆ. ನಾನು ಅಪ್ಪನ ಕಡೆ ತಿರುಗಿದೆ.

“ಅಪ್ಪಾ, ಆ ಪತ್ರ ಯಾರದಂತ ನೀವು ಇವತ್ತಿನತನಕ ಒಬ್ಬರನ್ನೂ ಕೇಳಿಲ್ಲ. ನಾ ಅವತ್ತ ಅಲ್ಲೇ ಕುಂತಿದ್ದೆ, ನನಗ ಗೊತ್ತಿತ್ತು. ಹೇಳಲಿಲ್ಲ. ಅದ ನನ್ನ ತಪ್ಪು.”

ಇಷ್ಟೇ ನಾನು ಹೇಳಿದ್ದು. ಯಾರ ಹೆಸರನ್ನೂ ತೆಗೆಯಲಿಲ್ಲ. ನಿರೂಪಕರು ಓಡಿಬಂದು ಮೈಕ್ ತೆಗೆದುಕೊಂಡು ಊಟದ ವ್ಯವಸ್ಥೆ ಆಗಿದೆ ಎಂದು ಸಾರಿದರು. ಜಿಲೇಬಿ, ಮಸಾಲೆ ಭಾತು, ಎಣ್ಣೆಗಾಯಿ. ಜನ ತಾಟು ಹಿಡಿದು ನನ್ನ ಪಕ್ಕದಿಂದ ಹೋಗುವಾಗ ದಾರಿ ಬಿಟ್ಟು ಹೋದರು. ಒಬ್ಬ ನಿವೃತ್ತ ಶಿಕ್ಷಕರು ಮಾತ್ರ ಬಂದು, ತಂದೆಗೆ ಹೀಗೆ ಮರ್ಯಾದೆ ಕಳೆಯುವ ಮಗಳನ್ನು ನಾನು ನೋಡಿರಲಿಲ್ಲ ಎಂದು ಹೇಳಿ ಹೋದರು. ಅಣ್ಣ ರಕ್ತ ಒರೆಸಿಕೊಳ್ಳುತ್ತ ಹೋದ ದಿನ ಇವರೂ ಕಟ್ಟೆಯ ಮೇಲಿದ್ದರು. ಅವತ್ತು ಯಾರ ಮರ್ಯಾದೆಯೂ ಹೋಗಿರಲಿಲ್ಲವೇನೋ.

ಮನೆಗೆ ಬಂದ ಮೇಲೆ ಅಪ್ಪ ಫೇಟಾ ತೆಗೆಯದೆ ಕುರ್ಚಿಯಲ್ಲಿ ಕೂತರು. ಸಿಟ್ಟಿಗೇಳುತ್ತಾರೆ ಎಂದು ನಾನೂ ಅವ್ವನೂ ಕಾದೆವು, ಏಳಲಿಲ್ಲ. ಅರ್ಧ ತಾಸಿನಲ್ಲಿ ಬಾಗಿಲ ಮುಂದೆ ಕಾರು ನಿಂತಿತು. ಆ ಬೆಳೆಗಾರ ಒಬ್ಬನೇ ಒಳಗೆ ಬಂದು, ಕುರ್ಚಿಯ ಮೇಲೆ ಕೂಡದೆ ಅಪ್ಪನ ಎದುರು ನೆಲದ ಮೇಲೆ ಕೂತ. ಬೆಳಿಗ್ಗೆ ವೇದಿಕೆಯ ಮೇಲಿದ್ದ ದನಿ ಈಗ ಇರಲಿಲ್ಲ.

“ಗುರುಗಳ, ಆ ಪತ್ರ ನಂದರಿ,” ಎಂದ. “ನಾ ಹೇಳಿದ್ದೆ, ಅವ ಬರದಿದ್ದ.”

ಅಂದೇ ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದರು.

“ನಿಮಗ ಹೆದರಿದ್ದೆರಿ. ಆಮ್ಯಾಲ ಹೇಳೋಣು ಅಂತ ಅನ್ಕೊತ ಹೋದೆ. ಹೇಳೂ ಹೊತ್ತ ದಾಟಿಹೋತು.”

ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಹೆದರಿಕೆ ಒಂದು ವರ್ಷ ಇರಲಿ, ಐದು ವರ್ಷ ಇರಲಿ. ಗೆಳೆಯ ತಂಬಾಕಿನ ಧೂಳಿನಲ್ಲಿ ಕೆಮ್ಮುತ್ತಿದ್ದಾಗ ಇವನು ಪದವಿ ಮುಗಿಸಿದ, ತೋಟ ಹೆಚ್ಚಿಸಿದ, ಕಡೆಗೆ ಅದೇ ಪಾಠವನ್ನು ವೇದಿಕೆಯ ಮೇಲೆ ಒಪ್ಪಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ. ಇದನ್ನು ಅವನಿಗೆ ಹೇಳಿದೆ ಕೂಡ.

ಆದರೆ ನಾನು ಕಾಯುತ್ತಿದ್ದದ್ದು ಅಪ್ಪನ ಬಾಯಿಂದ ಬರುವ ಮುಂದಿನ ಮಾತಿಗೆ. ಅಣ್ಣ ಎಲ್ಲಿದ್ದಾನೆ, ಹೇಗಿದ್ದಾನೆ, ಏನಾದರೂ. ಅಪ್ಪ ಅವ್ವನ ಕಡೆ ತಿರುಗಿದರು.

“ಯಾರ ಯಾರಿಗ ಗೊತ್ತಿತ್ತು ಇದು?”

ಅವ್ವ ಬಾಗಿಲ ಹತ್ತಿರ ನಿಂತಿದ್ದಳು. ಎಪ್ಪತ್ತೈದರ ಆಸುಪಾಸಿನ ನನ್ನ ಅವ್ವ, ಆ ಮನೆಯಲ್ಲಿ ಮೊದಲ ಸಲ ಅವರೆದುರು ದನಿ ತಗ್ಗಿಸದೆ ಮಾತಾಡಿದಳು.

“ಎಲ್ಲಾರಿಗೂ ಗೊತ್ತಿತ್ತರಿ. ಓಣಿಗೆಲ್ಲಾ ಗೊತ್ತಿತ್ತು, ನಿಮ್ಮ ಸಾಲಿ ಸಿಪಾಯಿಗೂ ಗೊತ್ತಿತ್ತು. ನಿಮಗ ಹೇಳಾವ್ರ ಇರಲಿಲ್ಲ. ಇರಗೊಟ್ಟಿದ್ದರ ಇರತಿದ್ದರು.”

ಅಪ್ಪ ಫೇಟಾ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದರ ಜರಿಯ ಅಂಚನ್ನು ಬೆರಳಿನಿಂದ ಸರಿ ಮಾಡುತ್ತ ಕೂತರು. ಬೆಳೆಗಾರ ಎದ್ದು ಕಾಲು ಮುಟ್ಟಿ ಹೋದ.

ರಾಯಬಾಗಕ್ಕೆ ಮರಳಿ ಅಣ್ಣನಿಗೆ ಫೋನ್ ಮಾಡಿದೆ. ಯಾರೋ ಮೊದಲೇ ಅವನಿಗೆ ಗುರುವಂದನೆಯ ವಿಡಿಯೊ ಕಳಿಸಿದ್ದರು. ಖುಷಿಪಡುತ್ತಾನೆ ಎಂದುಕೊಂಡಿದ್ದೆ, ಅವನು ನನ್ನ ಮೇಲೆಯೇ ಸಿಟ್ಟಾಗಿದ್ದ. ಅವನಿಗೆ ಅಂಗಡಿ ಇದೆ, ಒಳ್ಳೆಯ ಹೆಂಡತಿ ಇದ್ದಾಳೆ, ಮಕ್ಕಳು ಓದಿ ನೆಲೆ ನಿಂತಿದ್ದಾರೆ. ಊರಿನವರ ಮುಂದೆ ನನ್ನನ್ನು ಬಡಪಾಯಿ ಮಾಡಿ ನಿಲ್ಲಿಸಿದೆಯಲ್ಲ ಎಂದ. ಅವತ್ತು ಮೊರ ಹಿಡಿದು ಕೂತವಳು ಇಷ್ಟು ವರ್ಷಗಳ ಮೇಲೆ ಮೈಕ್ ಹಿಡಿದರೆ ಅದು ನನಗಾಗಿಯೋ ನಿನಗಾಗಿಯೋ ಎಂದು ಕೇಳಿದ. ಆಮೇಲೆ, ಊಟ ಮಾಡಿದೆಯಾ ಎಂದು ಕೇಳಿ ಫೋನ್ ಇಟ್ಟ.

ಬಂಧುಗಳು ಇವತ್ತಿಗೂ ನನಗೆ ಬುದ್ಧಿ ಹೇಳುತ್ತಾರೆ. ವಯಸ್ಸಾದ ಮನುಷ್ಯ, ಹಳೆಯದನ್ನು ಯಾಕೆ ಕೆದಕಬೇಕಿತ್ತು ಎಂದು. ವಯಸ್ಸಾದದ್ದು ಅವರೊಬ್ಬರಿಗೇ ಅಲ್ಲ. ಅಣ್ಣನಿಗೂ ತಲೆ ನೆರೆತಿದೆ, ಸುಳ್ಳು ಹೇಳಿ ಹೇಳಿ ಅವ್ವನಿಗೂ ಮುಪ್ಪು ಬಂದಿದೆ. ದೊರೆ ಮುದುಕನಾದ ಎಂದು ಅವನು ಮಾಡಿದ್ದನ್ನು ಮರೆಯಬೇಕು, ಉಳಿದವರ ಮುಪ್ಪಿಗೆ ಲೆಕ್ಕವಿಲ್ಲ. ಈ ನ್ಯಾಯವನ್ನು ನಾನು ಒಪ್ಪುವುದಿಲ್ಲ.

ಗುರುವಂದನೆಯಾದ ಹದಿನೈದು ದಿನಕ್ಕೆ ಅವ್ವ ಚೀಲ ತುಂಬಿಕೊಂಡು ಅಪ್ಪನ ಎದುರೇ, ನಿಪ್ಪಾಣಿಗೆ ಮಗನ ಮನೆಗೆ ಹೋಗುತ್ತೇನೆ ಎಂದು ಹೇಳಿ ಹೊರಟಳು. ಎರಡು ದಿನ ಎಂದು ಹೋದವಳು ಎಂಟು ದಿನ ನಿಂತಳು. ಅವಳ ಹತ್ತಿರ ಮೊಬೈಲ್ ಇಲ್ಲ. ಐದನೆಯ ದಿನ ಅಪ್ಪ ನನಗೆ ಫೋನ್ ಮಾಡಿ ನಿಪ್ಪಾಣಿಯ ಅಂಗಡಿಯ ನಂಬರ್ ಕೇಳಿದರು. ಕೊಟ್ಟೆ. ಮುಂದಿನದನ್ನು ಅತ್ತಿಗೆ ಹೇಳಿದಳು. ಅಣ್ಣ ಕೈಯಲ್ಲಿ ತಾಮ್ರದ ತಂತಿ ಹಿಡಿದುಕೊಂಡೇ ಫೋನ್ ಎತ್ತಿದನಂತೆ.

“ಅಕಿ ಎಲ್ಲಿ?” ಎಂದರಂತೆ ಅಪ್ಪ.

“ಒಳಗ ಅದಾಳ್ರಿ. ಕರೀತೀನಿ,” ಎಂದನಂತೆ ಅಣ್ಣ.

ಇಷ್ಟು ವರ್ಷಗಳ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ಅಪ್ಪ ಅವನನ್ನು ಹೇಗಿದ್ದೀ ಎಂದು ಕೇಳಲಿಲ್ಲ. ಅವ್ವ ಬಂದು ಫೋನ್ ಹಿಡಿದಾಗ ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಕೇಳಿದರು. ಅಡುಗೆಮನೆಯ ಗೋಡೆಯ ಮಾಡದಲ್ಲಿ ಮೇಲಿನ ಎರಡನೆಯ ಸಾಲಿನಲ್ಲಿದೆ ಎಂದು ಅವ್ವ ಹೇಳಿದಳು. ಯಾವಾಗ ಬರುತ್ತಿ ಎಂದು ಅವರು ಕೇಳಿದ್ದಕ್ಕೆ, ನೋಡೋಣು ಅಂದಳು.